ಬಸುರಿಗೆ ಜನರಲ್ ಅನಸ್ತೀಸಿಯಾ: ಟ್ಯೂಬ್ ಹಾಕುವುದು ಕಷ್ಟವಾದಾಗ ಒಂದೊಂದೇ ಹೆಜ್ಜೆ

ಟೇಬಲ್ ಮೇಲೆ ಮಲಗಿಸುವ ಮುಂಚೆ ತುರುಬು ಬಿಚ್ಚಿಸಿ.

ನಾನು ಪಿಜಿ ಮಾಡುತ್ತಿದ್ದಾಗ ಒಂದು ರಾತ್ರಿ ತುರ್ತು ಸಿಸೇರಿಯನ್‌ಗೆ ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ ಸಾಧನ) ಹಾಕಿದೆ. ನಾಲಿಗೆ ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಮಾತಾಡದೆ ತಲೆಯ ಕೆಳಗೆ ಕೈ ಹಾಕಿದರು. ಬಿಗಿಯಾಗಿ ಕಟ್ಟಿದ್ದ ತುರುಬನ್ನು, ಅದರ ಕ್ಲಿಪ್ಪಿನ ಸಮೇತ, ಒಂದು ಪಕ್ಕಕ್ಕೆ ತಳ್ಳಿದರು. ತಲೆ ಎರಡು ಬೆರಳಷ್ಟು ಹಿಂದಕ್ಕೆ ಹೋಯಿತು. ಧ್ವನಿತಂತುಗಳು ಎದುರಿಗೆ ಬಂದವು. ಅಲ್ಲಿವರೆಗೆ ನಾನು ತುರುಬನ್ನು ನೋಡಿಯೇ ಇರಲಿಲ್ಲ. ಮಾಲಂಪಾಟಿ (ಬಾಯಿ ತೆರೆದಾಗ ಗಂಟಲು ಎಷ್ಟು ಕಾಣುತ್ತದೆ ಅನ್ನುವ ದರ್ಜೆ) ನೋಡಿದ್ದೆ, ಗದ್ದದ ಅಳತೆ ನೋಡಿದ್ದೆ, ತಲೆಯ ಹಿಂದೆ ಏನಿದೆ ಅಂತ ನೋಡಿರಲಿಲ್ಲ.

ಈ ಬರಹ ಅರಿವಳಿಕೆ ಕಲಿಯುತ್ತಿರುವ ಪಿಜಿಗಳಿಗೆ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಒಬ್ಬರೇ ಡ್ಯೂಟಿ ಮಾಡುವ ಅರಿವಳಿಕೆ ವೈದ್ಯರಿಗೆ, ಅವರ ಜೊತೆ ನಿಲ್ಲುವ ಸಿಸ್ಟರ್‌ಗಳಿಗೆ. ತರಬೇತಿ ಇಲ್ಲದವರು ಇದನ್ನು ಓದಿ ಕೈ ಹಾಕುವ ಕೆಲಸವಲ್ಲ. ಇದರಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ: ತಾಯಿಗೆ ಬೇಕಿರುವುದು ಆಕ್ಸಿಜನ್. ಶ್ವಾಸನಾಳಕ್ಕೆ ಇಳಿಸುವ ಟ್ಯೂಬ್ ಅದನ್ನು ಕೊಡುವ ದಾರಿಗಳಲ್ಲಿ ಒಂದು. ಟ್ಯೂಬೇ ಹೋಗಬೇಕು ಅಂತ ಹಟಕ್ಕೆ ಬಿದ್ದಾಗ ತಾಯಂದಿರು ಸಾಯುತ್ತಾರೆ.

ಬಸುರಿಯಲ್ಲಿ ಯಾಕೆ ಬೇರೆ

ತುಂಬಿದ ಬಸುರಿಯ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು 20 ಶೇಕಡ ಕಡಿಮೆಯಾಗುತ್ತದೆ. ಅಂಗಾತ ಮಲಗಿಸಿದರೆ ಇನ್ನೂ ಕಡಿಮೆ. ಇನ್ನೊಂದು ಕಡೆ ದೇಹ ಬಳಸುವ ಆಕ್ಸಿಜನ್ 20 ಶೇಕಡಕ್ಕೂ ಜಾಸ್ತಿ ಏರಿರುತ್ತದೆ, ಹೆರಿಗೆ ನೋವಿನಲ್ಲಿ ಮತ್ತಷ್ಟು. ಟ್ಯಾಂಕು ಚಿಕ್ಕದು, ಖರ್ಚು ಜಾಸ್ತಿ. ಹಾಗಾಗಿ ಉಸಿರು ನಿಂತ ಮೇಲೆ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಬೀಳುವ ವೇಗ ನೋಡಿ ಹೊಸಬರು ಗಾಬರಿಯಾಗುತ್ತಾರೆ.

ಬಾಯಿ, ಮೂಗು, ಗಂಟಲಿನ ಒಳಪೊರೆ ಊದಿಕೊಂಡು ರಕ್ತ ತುಂಬಿರುತ್ತದೆ. ಸ್ವಲ್ಪ ತಾಗಿದರೂ ರಕ್ತ ಬರುತ್ತದೆ. ಒಮ್ಮೆ ರಕ್ತ ಬಂದರೆ ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದೂ ಪ್ರಯೋಜನವಿಲ್ಲ, ಕ್ಯಾಮೆರಾ ಮುಂದೆ ಕೆಂಪು ಬಿಟ್ಟರೆ ಏನೂ ಇರಲ್ಲ. ಪ್ರಿ-ಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರುವ ಕಾಯಿಲೆ) ಇದ್ದರೆ ಧ್ವನಿಪೆಟ್ಟಿಗೆಯೇ ಬಾತಿರಬಹುದು. ಎದೆ ತುಂಬಿಕೊಂಡಿರುವುದರಿಂದ ಲ್ಯಾರಿಂಗೋಸ್ಕೋಪಿನ ಹಿಡಿ ಎದೆಗೆ ತಾಗುತ್ತದೆ.

ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುವ ಭಯ ಬೇರೆ. 1946ರಲ್ಲಿ ಅಮೆರಿಕದ ಕರ್ಟಿಸ್ ಮೆಂಡೆಲ್ಸನ್ ಹೆರಿಗೆಯ ಅರಿವಳಿಕೆಯಲ್ಲಿ ಹೀಗಾದ 66 ತಾಯಂದಿರ ಬಗ್ಗೆ ಬರೆದರು. ಬಸುರಿಗೆ ಜನರಲ್ (ಪೂರ್ತಿ ನಿದ್ದೆ ಬರಿಸುವ ಅರಿವಳಿಕೆ) ಕೊಡುವಾಗ ನಾವು ಮಾಡುವ ಬಹಳಷ್ಟು ಕೆಲಸ ಆ ಭಯದಿಂದಲೇ ಬಂದದ್ದು. ಟ್ಯೂಬ್ ಹೋಗದಿದ್ದರೆ ಏನು ಮಾಡಬೇಕು ಅನ್ನುವ ಮೊದಲ ಡ್ರಿಲ್ ಹುಟ್ಟಿದ್ದೂ ಹೆರಿಗೆ ವಿಭಾಗದಲ್ಲೇ. ಅದನ್ನು 1976ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಮೈಕೆಲ್ ಟನ್‌ಸ್ಟಾಲ್ ಬರೆದರು.

ಎಷ್ಟು ಸಲ ಹೀಗಾಗುತ್ತದೆ? 2015ರಲ್ಲಿ ಹಳೆಯ ವರದಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಬಸುರಿಯರಿಗೆ ಕೊಟ್ಟ ಸುಮಾರು 390 ಜನರಲ್ ಅನಸ್ತೀಸಿಯಾಗಳಲ್ಲಿ ಒಂದರಲ್ಲಿ ಟ್ಯೂಬ್ ಹಾಕಲು ಆಗಿರಲಿಲ್ಲ. ಹಾಗೆ ಆಗದೆ ಹೋದ ಸುಮಾರು 90ರಲ್ಲಿ ಒಬ್ಬ ತಾಯಿ ತೀರಿಕೊಂಡಿದ್ದರು. ಸಿಸೇರಿಯನ್ ಬಹುತೇಕ ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಆಗುವುದರಿಂದ ಜನರಲ್ ಕೊಟ್ಟು ಕೈ ಪಳಗಿಸಿಕೊಳ್ಳುವ ಅವಕಾಶವೂ ಈಗ ಕಡಿಮೆ. ತೀರಾ ತುರ್ತು ಇದ್ದಾಗ, ಕೈಗೆ ಅಭ್ಯಾಸ ಕಡಿಮೆ ಇದ್ದಾಗಲೇ ಈ ಕೆಲಸ ಎದುರಾಗುತ್ತದೆ.

ಎರಡು ಮಾರ್ಗಸೂಚಿ ಓದಿಕೊಂಡಿರಿ. ಒಂದು ಬ್ರಿಟನ್ನಿನ ಆಬ್‌ಸ್ಟೆಟ್ರಿಕ್ ಅನಸ್ತೆಟಿಸ್ಟ್ಸ್ ಅಸೋಸಿಯೇಷನ್ ಮತ್ತು ಡಿಫಿಕಲ್ಟ್ ಏರ್‌ವೇ ಸೊಸೈಟಿ ಸೇರಿ 2015ರಲ್ಲಿ ತಂದದ್ದು. ಇನ್ನೊಂದು ನಮ್ಮದೇ ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಬಸುರಿಯರಿಗಾಗಿಯೇ ಬರೆದದ್ದು. ಕೆಳಗಿನ ಹೆಜ್ಜೆಗಳು ಇವೆರಡರ ದಾರಿಯಲ್ಲೇ ಸಾಗುತ್ತವೆ, ಜೊತೆಗೆ ನನ್ನ ಅನುಭವದ ಮಾತುಗಳಿವೆ.

ಹೆಜ್ಜೆ 1: ನೋಡಿ, ಒಟಿಗೆ ಬಂದ ಮೇಲೆ ಮತ್ತೊಮ್ಮೆ ನೋಡಿ

ಲೇಬರ್ ವಾರ್ಡಿಗೆ ಹೋಗಿ ನೋಡುವುದಕ್ಕೆ ಎರಡು ನಿಮಿಷ ಸಾಕು. "ಬಾಯಿ ಪೂರ್ತಿ ತೆಗೀರಮ್ಮ, ನಾಲಿಗೆ ಹೊರಗೆ ಚಾಚಿ" ಅನ್ನಿ. ಕೂತಿದ್ದಾಗಲೇ ನೋಡಿ. "ಆ" ಅಂತ ಹೇಳಿಸಬೇಡಿ. ಮೂರು ಬೆರಳು ಬಾಯೊಳಗೆ ಹೋಗುತ್ತಾ? ಕೆಳಗಿನ ಹಲ್ಲಿನಿಂದ ಮೇಲಿನ ತುಟಿ ಕಚ್ಚಲು ಬರುತ್ತಾ? ಕತ್ತು ಹಿಂದಕ್ಕೆ ಬಾಗುತ್ತಾ? ಗಂಟಲಲ್ಲಿ ಗಡ್ಡೆ, ಸುಟ್ಟು ಎಳೆದ ಚರ್ಮ ಇದೆಯಾ? ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರಾ ಅಂತ ಅವರ ತಾಯಿಯನ್ನೋ ಅತ್ತೆಯನ್ನೋ ಕೇಳಿ. ಅವರು ಸರಿಯಾಗಿ ಹೇಳುತ್ತಾರೆ.

ನಮ್ಮ ಕಡೆ ತಪ್ಪದೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಎಲೆ ಅಡಿಕೆ, ಗುಟ್ಕಾದ್ದು. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪೊರೆ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗಿರುತ್ತದೆ. ಹೊರಗಿನಿಂದ ಮುಖ ಮಾಮೂಲಿಯಾಗಿಯೇ ಕಾಣುತ್ತದೆ. ಒಂದೂವರೆ ಬೆರಳಷ್ಟೇ ಬಾಯಿ ತೆರೆಯುವವರಿಗೆ ಔಷಧ ಕೊಟ್ಟ ಮೇಲೆ ಬಾಯಿ ದೊಡ್ಡದಾಗುವುದಿಲ್ಲ. ಸ್ನಾಯು ಸಡಿಲಿಸುವ ಔಷಧ ಸ್ನಾಯುವನ್ನಷ್ಟೇ ಸಡಿಲಿಸುತ್ತದೆ, ಗಟ್ಟಿಯಾದ ಪೊರೆಯನ್ನಲ್ಲ. ಇಂಥವರಿಗೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಐ-ಜೆಲ್ ಕೂಡ ಒಳಗೆ ಹೋಗದೇ ಇರಬಹುದು.

ಬೆಳಗ್ಗೆ ಎರಡನೇ ದರ್ಜೆ ಇದ್ದ ಮಾಲಂಪಾಟಿ ಹೆರಿಗೆ ನೋವು ತಿಂದು, ಮುಕ್ಕಿ, ಡ್ರಿಪ್ ಹೋದ ಮೇಲೆ ಸಂಜೆಗೆ ನಾಲ್ಕಾಗಿರಬಹುದು. ಬೆಳಗ್ಗೆ ಕೇಸ್ ಶೀಟಿನಲ್ಲಿ ಬರೆದದ್ದನ್ನು ನಂಬಬೇಡಿ. ಒಟಿಯಲ್ಲಿ ಮತ್ತೊಮ್ಮೆ ಬಾಯಿ ತೆಗೆಸಿ.

ಹೆಜ್ಜೆ 2: ಜನರಲ್ ತಪ್ಪಿಸಲು ಆಗುತ್ತಾ?

ಉಸಿರುದಾರಿ ಕಷ್ಟ ಅನ್ನಿಸಿದರೆ ಹೆರಿಗೆ ನೋವು ಶುರುವಾದಾಗಲೇ ಎಪಿಡ್ಯೂರಲ್ (ಔಷಧ ಕೊಡಲು ಬೆನ್ನಿನಲ್ಲಿ ಇಡುವ ಸಣ್ಣ ನಳಿಕೆ) ಹಾಕಿಸಿ, ಅದು ಕೆಲಸ ಮಾಡುತ್ತಿದೆಯಾ ಅಂತ ಆಗಾಗ ನೋಡುತ್ತಿರಿ. ಆಮೇಲೆ ತುರ್ತು ಬಂದರೆ ಅದೇ ದಾರಿಯಲ್ಲಿ ಔಷಧ ಕೊಡಬಹುದು. ಮಗುವಿಗೆ ತೊಂದರೆ ಅಂದ ಕೂಡಲೇ ಜನರಲ್ ಅಂತಲ್ಲ. ಅಭ್ಯಾಸವಿರುವ ಕೈಗೆ ಸ್ಪೈನಲ್ (ಬೆನ್ನಿಗೆ ಒಂದೇ ಇಂಜೆಕ್ಷನ್) ಕೊಡಲು ಕೆಲವೇ ನಿಮಿಷ ಸಾಕು. ಪ್ರಸೂತಿ ವೈದ್ಯರನ್ನು ನೇರವಾಗಿ ಕೇಳಿ: "ಮೇಡಂ, ಒಂದು ಸಲ ಸ್ಪೈನಲ್ ಪ್ರಯತ್ನಕ್ಕೆ ಟೈಮ್ ಇದೆಯಾ?" ಬಹಳ ಸಲ ಇರುತ್ತದೆ.

ಆದರೆ ಸ್ಪೈನಲ್ ಇದೆಯಲ್ಲ ಅಂತ ಉಸಿರುದಾರಿಯ ತಯಾರಿ ಬಿಡುವುದು ತಪ್ಪು. ಸ್ಪೈನಲ್ ಪೂರ್ತಿ ಹತ್ತದೇ ಇರಬಹುದು, ಅತಿಯಾಗಿ ಮೇಲೇರಬಹುದು, ನಡುವೆ ರಕ್ತಸ್ರಾವ ಶುರುವಾಗಬಹುದು. ಹೊಟ್ಟೆ ತೆರೆದಿರುವಾಗ ಟ್ಯೂಬ್ ಹಾಕುವುದು ಇನ್ನೂ ಕಷ್ಟ.

ಸ್ಪೈನಲ್ ಕೊಡುವಂತಿಲ್ಲ, ಉಸಿರುದಾರಿ ಖಂಡಿತ ಕಷ್ಟ, ಸಮಯ ಇದೆ ಅಂದರೆ ಎಚ್ಚರವಿದ್ದಾಗಲೇ ಟ್ಯೂಬ್ ಹಾಕಿ. ಫೈಬರ್‌ಆಪ್ಟಿಕ್ ಆಗಲಿ ವಿಡಿಯೋ ಲ್ಯಾರಿಂಗೋಸ್ಕೋಪ್ ಆಗಲಿ, ಕೈ ಪಳಗಿದವರೇ ಮಾಡಬೇಕು. ಮೂಗಿನ ದಾರಿ ಬೇಡ, ರಕ್ತ ಸುರಿಯುತ್ತದೆ. ಗ್ಲೈಕೋಪೈರೋಲೇಟ್ 0.2 ಮಿ.ಗ್ರಾಂ ಕೊಟ್ಟು ಬಾಯಿ ಒಣಗಲು ಸಮಯ ಬಿಡಿ. ಗಂಟಲು ಮರಗಟ್ಟಿಸಲು ಹಾಕುವ ಲಿಗ್ನೋಕೇನ್‌ನ ಒಟ್ಟು ಲೆಕ್ಕ ಇಡಿ. ಕೊಬ್ಬು ಬಿಟ್ಟು ಉಳಿದ ತೂಕದ ಕೆ.ಜಿ.ಗೆ 9 ಮಿ.ಗ್ರಾಂ ದಾಟಬಾರದು. ನಿದ್ದೆಯ ಔಷಧ ಆದಷ್ಟು ಕಡಿಮೆ ಇರಲಿ. ಅದರ ಬದಲು ತಾಯಿಯ ಜೊತೆ ಮಾತಾಡುತ್ತಿರಿ. ಏನು ಮಾಡುತ್ತಿದ್ದೀರಿ, ಯಾಕೆ ಅಂತ ಅವರ ಭಾಷೆಯಲ್ಲಿ ಮೊದಲೇ ಹೇಳಿದರೆ ಅವರು ಎಷ್ಟು ಸಹಕರಿಸುತ್ತಾರೆ ಅಂತ ಪ್ರತಿ ಸಲವೂ ನನಗೆ ಆಶ್ಚರ್ಯವಾಗುತ್ತದೆ.

ಹೆಜ್ಜೆ 3: ಸಾಮಾನು ಕಣ್ಣೆದುರಿಗೆ ಇರಲಿ

ಬೀರುವಿನಲ್ಲಿ ಬೀಗ ಹಾಕಿಟ್ಟ ಐ-ಜೆಲ್ ಇದ್ದೂ ಇಲ್ಲದ ಹಾಗೆ. ಹೆರಿಗೆ ಒಟಿಯಲ್ಲೇ ಒಂದು ಟ್ರಾಲಿ ಇರಬೇಕು. ಡ್ಯೂಟಿ ಬದಲಾದಾಗೆಲ್ಲ ಒಬ್ಬರು ತೆರೆದು ನೋಡಬೇಕು. ಅದರಲ್ಲಿ ಇರಬೇಕಾದ್ದು:

- ಕೆಲಸ ಮಾಡುವ ಎರಡು ಲ್ಯಾರಿಂಗೋಸ್ಕೋಪ್, ಅದರಲ್ಲಿ ಒಂದು ಗಿಡ್ಡ ಹಿಡಿಯದು. ಸಿಕ್ಕರೆ ವಿಡಿಯೋ ಲ್ಯಾರಿಂಗೋಸ್ಕೋಪ್. ಅದಿದ್ದರೆ ಮೊದಲ ಪ್ರಯತ್ನಕ್ಕೇ ಬಳಸಿ, ಕೊನೆಗೆ ಅಂತ ಇಟ್ಟುಕೊಳ್ಳಬೇಡಿ.
- 7, 6.5, 6 ಮತ್ತು 5.5 ಸೈಜಿನ ಟ್ಯೂಬ್. ಪ್ರಿ-ಎಕ್ಲಾಂಪ್ಸಿಯಾ ಇದ್ದರೆ 6.5ರಿಂದ ಶುರು ಮಾಡಿ.
- ಬೂಜಿ (ಟ್ಯೂಬಿಗೆ ದಾರಿ ತೋರಿಸುವ ಉದ್ದ ಕಡ್ಡಿ) ಮತ್ತು ಸ್ಟೈಲೆಟ್ (ಟ್ಯೂಬಿನೊಳಗೆ ಹಾಕಿ ಆಕಾರ ಕೊಡುವ ತಂತಿ).
- ಶ್ವಾಸನಾಳದೊಳಗೆ ಹೋಗದೆ ಧ್ವನಿಪೆಟ್ಟಿಗೆಯ ಮೇಲೆ ಕೂತು ಉಸಿರು ಕೊಡುವ, ಹೊಟ್ಟೆಗೆ ಬೇರೆ ದಾರಿ ಇರುವ ಎರಡನೇ ತಲೆಮಾರಿನ ಎಲ್‌ಎಂಎ: ಐ-ಜೆಲ್, ಪ್ರೋಸೀಲ್ ಅಥವಾ ಸುಪ್ರೀಮ್. 3 ಮತ್ತು 4 ಎರಡೂ ಸೈಜ್. ಜೊತೆಗೆ ಅದಕ್ಕೆ ಹೊಂದುವ, ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್.
- ಕತ್ತಿನಿಂದ ಉಸಿರಿನ ದಾರಿ ಮಾಡುವ ಕಿಟ್ ಒಂದೇ ಕವರಿನಲ್ಲಿ: 10 ನಂಬರ್ ಬ್ಲೇಡ್ ಹಾಕಿದ ಸ್ಕಾಲ್ಪೆಲ್, ಬೂಜಿ, ಕಫ್ ಇರುವ 6 ಸೈಜಿನ ಟ್ಯೂಬ್.

ಸಕ್ಷನ್ ಆನ್ ಆಗಿ ದಿಂಬಿನ ಕೆಳಗಿರಲಿ. ಕ್ಯಾಪ್ನೋಗ್ರಾಫ್ (ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಗೆರೆಯಾಗಿ ತೋರಿಸುವ ಯಂತ್ರ) ಇಲ್ಲದೆ ಬಸುರಿಗೆ ಜನರಲ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಬರೆದು ಕೇಳಿ, ಸಿಗುವವರೆಗೂ ಕೇಳುತ್ತಿರಿ.

ಹೆಜ್ಜೆ 4: ಪ್ಲಾನನ್ನು ಬಾಯಿಬಿಟ್ಟು ಹೇಳಿ

ಔಷಧ ಕೊಡುವ ಮುಂಚೆ ಅರ್ಧ ನಿಮಿಷ ಎಲ್ಲರೂ ಕೇಳುವ ಹಾಗೆ ಹೇಳಿ. ನಾನು ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ: "ಮೊದಲು ವಿಡಿಯೋ ಸ್ಕೋಪ್. ಆಗದಿದ್ದರೆ ಇನ್ನೊಂದೇ ಸಲ, ಬೂಜಿ ಜೊತೆ. ಆಮೇಲೂ ಆಗದಿದ್ದರೆ ಐ-ಜೆಲ್ 3. ಅದರಲ್ಲಿ ಉಸಿರು ಚೆನ್ನಾಗಿ ಹೋದರೆ ಆಪರೇಷನ್ ಮುಂದುವರಿಸುತ್ತೇವೆ, ಯಾಕಂದರೆ ತಾಯಿಗೆ ರಕ್ತ ಹೋಗ್ತಿದೆ. ಸಿಸ್ಟರ್, ಸ್ಯಾಚುರೇಷನ್ 95ಕ್ಕೆ ಬಂದರೆ ಜೋರಾಗಿ ಹೇಳಿ."

ಇದರಲ್ಲಿ ಬಹಳ ಬೆಲೆಯುಳ್ಳದ್ದು "ಮುಂದುವರಿಸುತ್ತೇವಾ, ಎಬ್ಬಿಸುತ್ತೇವಾ" ಅನ್ನುವ ಮಾತು. ಅದನ್ನು ಪ್ರಸೂತಿ ವೈದ್ಯರ ಜೊತೆ ಔಷಧ ಕೊಡುವ ಮುಂಚೆಯೇ ತೀರ್ಮಾನಿಸಿ. ಸ್ಯಾಚುರೇಷನ್ 80 ಇರುವಾಗ ಯಾರ ತಲೆಯೂ ಓಡುವುದಿಲ್ಲ, ಅಲ್ವಾ?

ಸಹಾಯಕ್ಕೆ ಯಾರನ್ನು ಕರೆಯಬೇಕು, ಅವರ ನಂಬರ್ ಏನು ಅನ್ನುವುದೂ ಗೋಡೆ ಮೇಲೆ ಬರೆದಿರಲಿ. ಸಣ್ಣ ಆಸ್ಪತ್ರೆಯಲ್ಲಿ ಇನ್ನೊಬ್ಬ ಅರಿವಳಿಕೆ ವೈದ್ಯರು ಇರುವುದಿಲ್ಲ. ಸರ್ಜನ್ ಅಥವಾ ಕಿವಿ-ಮೂಗು-ಗಂಟಲು ವೈದ್ಯರು ಊರಲ್ಲಿದ್ದರೆ ಕಷ್ಟದ ಕೇಸಿಗೆ ಮೊದಲೇ ಕರೆಸಿ. ಸುಮ್ನೆ ಕೂತು ವಾಪಸ್ ಹೋದರೂ ಪರವಾಗಿಲ್ಲ.

ಹೆಜ್ಜೆ 5: ಮಲಗಿಸುವ ರೀತಿ ಮತ್ತು ಆಕ್ಸಿಜನ್

ಸಮಯ ಇಲ್ಲ ಅಂತ ಜನ ಮೊದಲು ಬಿಡುವುದು ಇದನ್ನೇ. ಆಮೇಲೆ ಹತ್ತು ಪಟ್ಟು ಸಮಯ ಹೋಗುವುದೂ ಇದರಿಂದಲೇ.

ತುರುಬು ಬಿಚ್ಚಿಸಿ, ಜಡೆಯನ್ನು ಪಕ್ಕಕ್ಕೆ ಹಾಕಿ. ಹೆಗಲ ಕೆಳಗೆ, ತಲೆಯ ಕೆಳಗೆ ಮಡಿಸಿದ ಬೆಡ್‌ಶೀಟ್, ಕಂಬಳಿ ಇಟ್ಟು ಮೇಲಕ್ಕೆ ಏರಿಸುತ್ತಾ ಹೋಗಿ. ಪಕ್ಕದಿಂದ ನೋಡಿದರೆ ಕಿವಿಯ ತೂತು ಮತ್ತು ಎದೆಮೂಳೆಯ ಮೇಲಿನ ಗುಳಿ ಒಂದೇ ಮಟ್ಟದಲ್ಲಿರಬೇಕು. ದಪ್ಪ ಇರುವವರಿಗೆ ಇದಕ್ಕೆ ನಾಲ್ಕೈದು ಬೆಡ್‌ಶೀಟ್ ಬೇಕಾಗುತ್ತದೆ. ಟೇಬಲಿನ ತಲೆ ಕಡೆ 20ರಿಂದ 30 ಡಿಗ್ರಿ ಏರಿಸಿ. ಬಲ ಸೊಂಟದ ಕೆಳಗೆ ದಿಂಬು ಇಟ್ಟೋ ಟೇಬಲ್ ವಾಲಿಸಿಯೋ ಎಡಕ್ಕೆ 15 ಡಿಗ್ರಿ ಓರೆ ಮಾಡಿ. ಆಗ ಗರ್ಭಕೋಶ ದೊಡ್ಡ ರಕ್ತನಾಳದ ಮೇಲೆ ಕೂರುವುದಿಲ್ಲ.

ಕತ್ತಿನಲ್ಲಿರುವ ತಾಳಿ, ಅರಿಶಿನ ದಾರ, ಸರಗಳನ್ನು ಒಂದು ಪಕ್ಕಕ್ಕೆ ಸರಿಸಿ ಟೇಪ್ ಹಾಕಿ. ಬಿಚ್ಚಲು ಒತ್ತಾಯ ಮಾಡಬೇಕಾಗಿಲ್ಲ, "ಸ್ವಲ್ಪ ಈ ಕಡೆ ಇಡ್ತೀನಮ್ಮ" ಅಂದರೆ ಸಾಕು. ಕತ್ತಿನ ಮುಂಭಾಗ ಬರಿದಾಗಿರಬೇಕು. ಕತ್ತು ದಪ್ಪ ಇದ್ದರೆ ಕ್ರೈಕೋಥೈರಾಯ್ಡ್ ಪೊರೆ (ಧ್ವನಿಪೆಟ್ಟಿಗೆಯ ಮುಂಭಾಗದ ಪೊರೆ, ಕತ್ತಿನಿಂದ ದಾರಿ ಮಾಡಬೇಕಾದರೆ ಕೊಯ್ಯುವ ಜಾಗ) ಎಲ್ಲಿದೆ ಅಂತ ಈಗಲೇ ಹುಡುಕಿ ಪೆನ್ನಿನಿಂದ ಗುರುತು ಹಾಕಿ. ದಪ್ಪ ಇರುವ ಬಸುರಿಯಲ್ಲಿ ಬರೀ ಬೆರಳಿನಿಂದ ಮುಟ್ಟಿ ಹುಡುಕಿದರೆ ಬಹಳ ಸಲ ತಪ್ಪಾಗುತ್ತದೆ. ಅಲ್ಟ್ರಾಸೌಂಡ್ ಕೈಗೆ ಸಿಗುವಂತಿದ್ದರೆ ಅದರಲ್ಲಿ ನೋಡಿ.

ಹೊಟ್ಟೆಯ ಆಮ್ಲಕ್ಕೆ ರಾನಿಟಿಡಿನ್ 50 ಮಿ.ಗ್ರಾಂ, ಮೆಟೊಕ್ಲೋಪ್ರಮೈಡ್ 10 ಮಿ.ಗ್ರಾಂ ರಕ್ತನಾಳಕ್ಕೆ ಕೊಡಿ. ಇವು ಕೆಲಸ ಮಾಡಲು ಹೊತ್ತು ಬೇಕು. ತೀರಾ ತುರ್ತು ಇದ್ದರೆ 0.3 ಮೋಲಾರ್ ಸೋಡಿಯಂ ಸಿಟ್ರೇಟ್ 30 ಮಿ.ಲೀ. ಕುಡಿಸಿ.

ಇನ್ನು ಆಕ್ಸಿಜನ್. ಮಾಸ್ಕ್ ಮುಖಕ್ಕೆ ಗಾಳಿ ಸೋರದಂತೆ ಬಿಗಿಯಾಗಿ ಕೂರಬೇಕು. ಬ್ಯಾಗ್ ಉಸಿರಿನ ಜೊತೆ ಏರಿ ಇಳಿಯದಿದ್ದರೆ, ಕ್ಯಾಪ್ನೋಗ್ರಾಫಿನ ಗೆರೆ ಬರದಿದ್ದರೆ ಅದು ಆಕ್ಸಿಜನ್ ಕೊಟ್ಟ ಹಾಗಲ್ಲ, ಮುಖದ ಮುಂದೆ ಹಿಡಿದ ಹಾಗೆ. ನಿಮಿಷಕ್ಕೆ 10 ಲೀಟರ್ ಅಥವಾ ಜಾಸ್ತಿ, ಮೂರು ನಿಮಿಷ. ಅಷ್ಟು ಸಮಯ ಇಲ್ಲದಿದ್ದರೆ ಒಂದು ನಿಮಿಷದಲ್ಲಿ ಎಂಟು ದೊಡ್ಡ ಉಸಿರು ಎಳೆಸಿ. ಮಾನಿಟರಿನಲ್ಲಿ ಬಿಡುವ ಉಸಿರಿನ ಆಕ್ಸಿಜನ್ ಕಾಣಿಸಿದರೆ ಅದು 90 ಶೇಕಡ ಮುಟ್ಟಬೇಕು. ಸ್ಯಾಚುರೇಷನ್ 100 ಆಯಿತು ಅಂತ ನಿಲ್ಲಿಸಬೇಡಿ. ರಕ್ತ ತುಂಬಿದೆ ಅಂತ ಮಾತ್ರ ಅದು ಹೇಳುತ್ತದೆ, ಶ್ವಾಸಕೋಶ ತುಂಬಿದೆಯಾ ಅಂತ ಹೇಳುವುದಿಲ್ಲ.

ಜೊತೆಗೆ ಮೂಗಿಗೆ ನೇಸಲ್ ಪ್ರಾಂಗ್ಸ್ ಹಾಕಿ. ಎಚ್ಚರವಿರುವಾಗ 5 ಲೀಟರ್ ಇರಲಿ, ನಿದ್ದೆಗೆ ಜಾರಿದ ಕೂಡಲೇ 15ಕ್ಕೆ ಏರಿಸಿ, ಟ್ಯೂಬ್ ಹೋಗುವವರೆಗೂ ತೆಗೆಯಬೇಡಿ. ಉಸಿರು ನಿಂತಿದ್ದಾಗಲೂ ಇದು ಸ್ವಲ್ಪ ಸಮಯ ಗಳಿಸಿಕೊಡುತ್ತದೆ. ನಮ್ಮ ಮಾರ್ಗಸೂಚಿ ಎಲ್ಲ ಬಸುರಿಯರಿಗೂ ಇದನ್ನು ಮಾಡಿ ಅನ್ನುತ್ತದೆ. ಇದಕ್ಕೆ ಬೇರೆ ಆಕ್ಸಿಜನ್ ಪಾಯಿಂಟ್ ಬೇಕು. ಗೋಡೆಯಲ್ಲಿ ಒಂದೇ ಇದ್ದರೆ ಒಂದು ಸಿಲಿಂಡರ್ ತಂದಿಟ್ಟುಕೊಳ್ಳಿ. ಅಟೆಂಡರ್‌ಗೆ ಹೇಳಿ ಅದರ ಕೀ ಕೂಡ ತರಿಸಿ.

ಹೆಜ್ಜೆ 6: ಔಷಧ ಮತ್ತು ಕ್ರೈಕಾಯ್ಡ್ ಒತ್ತಡ

ನಿದ್ದೆಗೆ ಪ್ರೊಪೊಫಾಲ್ ಕೆ.ಜಿ.ಗೆ 2ರಿಂದ 2.5 ಮಿ.ಗ್ರಾಂ, ಅಥವಾ ಥಯೊಪೆಂಟೋನ್ ಕನಿಷ್ಠ 5 ಮಿ.ಗ್ರಾಂ. ಮಗುವಿಗೆ ಹೋಗುತ್ತೆ ಅಂತ ಅಳೆದು ಅಳೆದು ಕಡಿಮೆ ಕೊಡಬೇಡಿ. 2014ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ವರದಿಯ ಪ್ರಕಾರ ಜನರಲ್ ಕೊಟ್ಟ ಸುಮಾರು 670 ಸಿಸೇರಿಯನ್‌ಗಳಲ್ಲಿ ಒಬ್ಬ ತಾಯಿಗೆ ಆಪರೇಷನ್ ಮಧ್ಯೆ ಎಚ್ಚರವಾಗಿತ್ತು. ಟ್ಯೂಬ್ ಹಾಕಲು ಒದ್ದಾಡುವಾಗ ನಿದ್ದೆಯ ಔಷಧ ತೀರಿಹೋಗುತ್ತದೆ. ಇನ್ನೊಂದು ಸಿರಿಂಜ್ ತುಂಬಿಸಿ ಇಟ್ಟುಕೊಂಡಿರಿ. ರಕ್ತ ಹೋಗಿ ಬಿಪಿ ಬಿದ್ದವರಿಗೆ ಕೆಟಮಿನ್ ಒಳ್ಳೆಯದು, ಬಿಪಿ ಏರಿರುವ ಪ್ರಿ-ಎಕ್ಲಾಂಪ್ಸಿಯಾದವರಿಗೆ ಬೇಡ. ಅವರಿಗೆ ಸ್ಕೋಪ್ ಹಾಕುವ ಮುಂಚೆ ಲ್ಯಾಬೆಟಲಾಲ್‌ನಂಥದ್ದು ಕೊಟ್ಟು ಬಿಪಿ ಹಿಡಿತಕ್ಕೆ ತನ್ನಿ. ಇಲ್ಲದಿದ್ದರೆ ಸ್ಕೋಪ್ ಹಾಕಿದಾಗ ಬಿಪಿ ಜಿಗಿದು ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು.

ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೆ.ಜಿ.ಗೆ 1ರಿಂದ 1.5 ಮಿ.ಗ್ರಾಂ, ಅಥವಾ ರೋಕ್ಯುರೋನಿಯಂ 1ರಿಂದ 1.2 ಮಿ.ಗ್ರಾಂ. ರೋಕ್ಯುರೋನಿಯಂ ಕೊಟ್ಟು ತಕ್ಷಣ ಎಬ್ಬಿಸಬೇಕಾದರೆ ಅದರ ಪ್ರಭಾವ ಇಳಿಸುವ ಸುಗಮಡೆಕ್ಸ್ ಕೆ.ಜಿ.ಗೆ 16 ಮಿ.ಗ್ರಾಂ ಬೇಕು. 60 ಕೆ.ಜಿ. ತಾಯಿಗೆ 960 ಮಿ.ಗ್ರಾಂ, ಅಂದರೆ 200ರ ವೈಯಲ್ ಐದು. ನಿಮ್ಮ ಫಾರ್ಮಸಿಯಲ್ಲಿ ಒಂದೇ ವೈಯಲ್ ಇದ್ದರೆ ಅದನ್ನು ನೆಚ್ಚಿಕೊಂಡು ಪ್ಲಾನ್ ಮಾಡಬೇಡಿ.

ಹೊಟ್ಟೆಯಲ್ಲಿರುವುದು ಮೇಲೆ ಬರದಂತೆ ಧ್ವನಿಪೆಟ್ಟಿಗೆಯ ಕೆಳಭಾಗವನ್ನು ಒತ್ತಿ ಹಿಡಿಯುವ ಕ್ರೈಕಾಯ್ಡ್ ಒತ್ತಡ ಎಚ್ಚರವಿರುವಾಗ 10 ನ್ಯೂಟನ್, ನಿದ್ದೆ ಬಂದ ಮೇಲೆ 30. ಅಂದರೆ ಸುಮಾರು 1 ಕೆ.ಜಿ., ಆಮೇಲೆ 3 ಕೆ.ಜಿ. ವಾರ್ಡಿನಲ್ಲಿ ಮಗು ತೂಗುವ ತಕ್ಕಡಿ ಇದೆಯಲ್ಲ, ಅದರ ಮೇಲೆ ಮೂರು ಬೆರಳಿಟ್ಟು ಒತ್ತಿ ಸಿಸ್ಟರ್‌ಗಳಿಗೆ ಅಭ್ಯಾಸ ಮಾಡಿಸಿ. ಒಂದೇ ಸಂಜೆಯಲ್ಲಿ ಕೈಗೆ ಲೆಕ್ಕ ಸಿಗುತ್ತದೆ. ಸ್ಕೋಪಿನಲ್ಲಿ ಕಾಣದಿದ್ದರೆ, ಮಾಸ್ಕಿನಲ್ಲಿ ಗಾಳಿ ಹೋಗದಿದ್ದರೆ, ಎಲ್‌ಎಂಎ ಕೂರದಿದ್ದರೆ ಆ ಒತ್ತಡವನ್ನು ಸಡಿಲಿಸಿ, ಬೇಕಾದರೆ ಪೂರ್ತಿ ಬಿಡಿಸಿ. ಸಕ್ಷನ್ ಕೈಯಲ್ಲಿರಲಿ.

ಔಷಧ ಹತ್ತುವವರೆಗೆ ಮಾಸ್ಕಿನಲ್ಲಿ ಮೆಲ್ಲಗೆ ಉಸಿರು ಕೊಡಬಹುದು. ಒತ್ತಡ 20 ಸೆಂ.ಮೀ. ನೀರಿನ ಮಟ್ಟ ದಾಟಬಾರದು. ಹಳೆಯ ಪಾಠದಲ್ಲಿ ಇದು ನಿಷಿದ್ಧ ಅಂತಿತ್ತು. ಈಗ ಎರಡೂ ಮಾರ್ಗಸೂಚಿ ಒಪ್ಪುತ್ತವೆ.

ಹೆಜ್ಜೆ 7: ಎರಡು ಪ್ರಯತ್ನ, ಅಷ್ಟೇ

ಎದೆಗೆ ಹಿಡಿ ತಾಗಿದರೆ ಬ್ಲೇಡನ್ನು ಮೊದಲು ಬಾಯೊಳಗಿಟ್ಟು ಆಮೇಲೆ ಹಿಡಿ ಜೋಡಿಸಿ. ಮೊದಲ ಸಲ ಕಾಣದಿದ್ದರೆ ಹೊರಗೆ ತೆಗೆದು ಮಾಸ್ಕಿನಲ್ಲಿ ಆಕ್ಸಿಜನ್ ಕೊಡಿ. ಎರಡನೇ ಪ್ರಯತ್ನದಲ್ಲಿ ಏನನ್ನಾದರೂ ಬದಲಿಸಲೇಬೇಕು: ತಲೆಯ ಎತ್ತರ, ಬ್ಲೇಡ್, ಬೂಜಿ, ಕ್ರೈಕಾಯ್ಡ್ ಒತ್ತಡ. ಅದೇ ಬ್ಲೇಡು, ಅದೇ ಕೋನ, ಇನ್ನೂ ಜಾಸ್ತಿ ಬಲ ಅಂದರೆ ರಕ್ತ ಬರುತ್ತದೆ, ಊತ ಏರುತ್ತದೆ, ಹಾಗೆ ಮಾಡಬೇಡಿ. ಸ್ಯಾಚುರೇಷನ್ 95 ಅಥವಾ ಮೇಲಿದ್ದರೆ ಮಾತ್ರ ಎರಡನೇ ಪ್ರಯತ್ನ. ಮೂರನೆಯದು ನಿಮಗಿಂತ ಅನುಭವ ಇರುವವರು ಪಕ್ಕದಲ್ಲಿದ್ದರೆ ಅವರು ಮಾಡಲಿ. ಇಲ್ಲದಿದ್ದರೆ ಬೇಡ.

ಟ್ಯೂಬ್ ಹೋಯಿತು ಅನ್ನಿಸಿದರೂ ಕ್ಯಾಪ್ನೋಗ್ರಾಫಿನಲ್ಲಿ ಗೆರೆ ಬಂದು ನಿಲ್ಲಬೇಕು. ಗೆರೆ ಇಲ್ಲ ಅಂದರೆ ಟ್ಯೂಬ್ ಅನ್ನನಾಳದಲ್ಲಿದೆ ಅಂತಲೇ ತಿಳಿಯಿರಿ. "ನಾನು ಕಣ್ಣಾರೆ ನೋಡಿದೆ" ಅನ್ನುವುದನ್ನು ಆ ಹೊತ್ತಿನಲ್ಲಿ ನಂಬಬೇಡಿ.

ಹೆಜ್ಜೆ 8: ಆಗಲಿಲ್ಲ ಅಂತ ಜೋರಾಗಿ ಹೇಳಿ

ಎರಡನೆಯದೂ ಆಗದಿದ್ದರೆ "ಟ್ಯೂಬ್ ಹೋಗ್ತಿಲ್ಲ, ಸಹಾಯಕ್ಕೆ ಕರೀರಿ" ಅಂತ ಇಡೀ ಒಟಿಗೆ ಕೇಳುವ ಹಾಗೆ ಹೇಳಿ. ಈ ಮಾತು ಬಾಯಿಂದ ಬರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಾಚಿಕೆಯಾಗುತ್ತದೆ, ಇನ್ನೊಂದು ಸಲ ನೋಡೋಣ ಅನ್ನಿಸುತ್ತದೆ. ಆದರೆ ಅದನ್ನು ಹೇಳಿದ ಕ್ಷಣದಿಂದ ಎಲ್ಲರ ಕೆಲಸ ಬದಲಾಗುತ್ತದೆ. ಸಿಸ್ಟರ್ ಐ-ಜೆಲ್ ಬಿಚ್ಚುತ್ತಾರೆ, ಪ್ರಸೂತಿ ವೈದ್ಯರು ಚಾಕು ಕೆಳಗಿಟ್ಟು ನಿಮ್ಮ ಕಡೆ ನೋಡುತ್ತಾರೆ.

ಈಗ ಎಲ್‌ಎಂಎ ಹಾಕಿ, ಹಾಕುವಷ್ಟು ಹೊತ್ತು ಕ್ರೈಕಾಯ್ಡ್ ಬಿಡಿಸಿ. ಎರಡು ಪ್ರಯತ್ನ ಮಾತ್ರ. ನಡುವೆ ಮಾಸ್ಕಿನಲ್ಲಿ ಆಕ್ಸಿಜನ್ ಕೊಡಿ, ಇಬ್ಬರು ಸೇರಿ ಹಿಡಿಯಿರಿ, ನಾಲಿಗೆ ಹಿಂದಕ್ಕೆ ಬೀಳದಂತೆ ಗುಡೆಲ್ ಏರ್‌ವೇ ಹಾಕಿ. ಎಲ್‌ಎಂಎ ಕೂತು ಗೆರೆ ಬಂದರೆ ಅದರ ಪಕ್ಕದ ದಾರಿಯಿಂದ ರೈಲ್ಸ್ ಟ್ಯೂಬ್ ಇಳಿಸಿ ಹೊಟ್ಟೆ ಖಾಲಿ ಮಾಡಿ.

ಹೆಜ್ಜೆ 9: ಎಬ್ಬಿಸುವುದಾ, ಮುಂದುವರಿಸುವುದಾ

ಮೊದಲೇ ಮಾತಾಡಿಕೊಂಡ ತೀರ್ಮಾನ ಇಲ್ಲಿ ಕೈ ಹಿಡಿಯುತ್ತದೆ. ಗರ್ಭಕೋಶ ಹರಿದು ಅಥವಾ ಮಾಸು ಬೇರ್ಪಟ್ಟು ತಾಯಿಯ ಜೀವಕ್ಕೇ ಅಪಾಯ ಇದ್ದರೆ, ಎಲ್‌ಎಂಎಯಲ್ಲಿ ಉಸಿರು ಸರಾಗವಾಗಿ ಹೋಗುತ್ತಿದ್ದರೆ ಮುಂದುವರಿಸಿ. ಹೆರಿಗೆ ಮುಂದುವರಿಯುತ್ತಿಲ್ಲ ಅಂತ ಮಾಡುವ ಸಿಸೇರಿಯನ್, ಮಗು ಚೆನ್ನಾಗಿದೆ ಅಂದರೆ ಎಬ್ಬಿಸಿ. ಮಧ್ಯದಲ್ಲಿರುವುದು ಮಗುವಿಗೆ ಮಾತ್ರ ತೊಂದರೆ ಇರುವ ಕೇಸ್. ಅದು ನಿಜವಾಗಿಯೂ ಕಷ್ಟದ ತೀರ್ಮಾನ. ಎಲ್‌ಎಂಎ ಎಷ್ಟು ಚೆನ್ನಾಗಿ ಕೂತಿದೆ, ತಾಯಿ ಎಷ್ಟು ದಪ್ಪ, ಯಾವಾಗ ಊಟ ಮಾಡಿದ್ದರು, ಆಪರೇಷನ್ ಎಷ್ಟು ಹೊತ್ತಿನದು, ನಿಮ್ಮ ಅನುಭವ ಎಷ್ಟು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಉಸಿರು ಅರೆಬರೆ ಹೋಗುತ್ತಿದ್ದರೆ ಮಗುವಿಗಾಗಿ ತಾಯಿಯನ್ನು ಪಣಕ್ಕಿಡಬಾರದು ಅನ್ನುವುದು ನನ್ನ ನಿಲುವು.

ಮುಂದುವರಿಸಿದರೆ ನಿದ್ದೆ ಗಾಢವಾಗಿರಲಿ. ಇದ್ದವರಲ್ಲಿ ಹಿರಿಯ ಪ್ರಸೂತಿ ವೈದ್ಯರೇ ಆಪರೇಷನ್ ಮಾಡಲಿ. "ಮೇಲಿಂದ ಹೊಟ್ಟೆ ಒತ್ತಬೇಡಿ ಮೇಡಂ, ಕೊಯ್ತ ಸ್ವಲ್ಪ ದೊಡ್ಡದಿರಲಿ" ಅಂತ ಹೇಳಿ. ಮಗು ತೆಗೆಯುವಾಗ ಮೇಲಿಂದ ಜೋರಾಗಿ ಒತ್ತಿದರೆ ಹೊಟ್ಟೆಯಲ್ಲಿರುವುದು ಗಂಟಲಿಗೆ ಬರುತ್ತದೆ.

ಎಬ್ಬಿಸುವುದಾದರೆ ತಲೆ ಎತ್ತರದಲ್ಲಿ ಅಥವಾ ಎಡ ಮಗ್ಗುಲಲ್ಲಿ ಇಟ್ಟು ಆಕ್ಸಿಜನ್ ಕೊಡುತ್ತಿರಿ. ಧ್ವನಿಪೆಟ್ಟಿಗೆ ಬಿಗಿದು ಮುಚ್ಚಿಕೊಳ್ಳಬಹುದು, ಅದಕ್ಕೆ ತಯಾರಿರಿ. ಪೂರ್ತಿ ಎದ್ದ ಮೇಲೆ ಸ್ಪೈನಲ್ ಅಥವಾ ಎಚ್ಚರವಿದ್ದಾಗಲೇ ಟ್ಯೂಬ್.

ಹೆಜ್ಜೆ 10: ಯಾವುದರಲ್ಲೂ ಗಾಳಿ ಹೋಗದಿದ್ದರೆ

ಟ್ಯೂಬ್ ಇಲ್ಲ, ಎಲ್‌ಎಂಎ ಇಲ್ಲ, ಮಾಸ್ಕಿನಲ್ಲೂ ಇಲ್ಲ. ಈಗ ಕತ್ತಿನಿಂದ ದಾರಿ ಮಾಡಬೇಕು. ಸ್ಯಾಚುರೇಷನ್ ಇನ್ನೂ ಬೀಳಲಿ ನೋಡೋಣ ಅಂತ ಕಾಯಬೇಡಿ. ಸ್ನಾಯು ಸಡಿಲಿಸುವ ಔಷಧ ಇನ್ನೂ ಕೆಲಸ ಮಾಡುತ್ತಿರಬೇಕು, ಇಲ್ಲದಿದ್ದರೆ ಮತ್ತೆ ಕೊಡಿ.

ಕತ್ತನ್ನು ಹಿಂದಕ್ಕೆ ಚಾಚಿಸಿ. ಎಡಗೈಯಿಂದ ಧ್ವನಿಪೆಟ್ಟಿಗೆಯನ್ನು ಎರಡೂ ಕಡೆಯಿಂದ ಹಿಡಿದು ಅಲುಗಾಡದಂತೆ ಮಾಡಿ, ತೋರುಬೆರಳಿನಿಂದ ಪೊರೆಯ ಗುಳಿ ಹುಡುಕಿ. ಚರ್ಮ ಮತ್ತು ಪೊರೆ ಒಂದೇ ಸಲ ದಾಟುವಂತೆ ಬ್ಲೇಡನ್ನು ಅಡ್ಡಲಾಗಿ ಚುಚ್ಚಿ. ಹೊರಗೆ ತೆಗೆಯದೆ, ಹರಿತವಾದ ಅಂಚು ಕಾಲಿನ ಕಡೆ ಬರುವಂತೆ 90 ಡಿಗ್ರಿ ತಿರುಗಿಸಿ. ಬ್ಲೇಡಿಗೆ ಒರಗಿಸಿಕೊಂಡೇ ಬೂಜಿಯನ್ನು ಶ್ವಾಸನಾಳಕ್ಕೆ 10ರಿಂದ 15 ಸೆಂ.ಮೀ. ಇಳಿಸಿ. ಅದರ ಮೇಲೆ ಜೆಲ್ಲಿ ಹಚ್ಚಿದ 6 ಸೈಜಿನ ಟ್ಯೂಬ್ ಜಾರಿಸಿ, ಬೂಜಿ ತೆಗೆದು, ಕಫ್ ಉಬ್ಬಿಸಿ, ಕ್ಯಾಪ್ನೋಗ್ರಾಫ್ ನೋಡಿ. ಗುಳಿ ಕೈಗೆ ಸಿಗದಿದ್ದರೆ ಕತ್ತಿನ ನಡುಗೆರೆಯಲ್ಲಿ 8ರಿಂದ 10 ಸೆಂ.ಮೀ. ಉದ್ದಕ್ಕೆ ಕೊಯ್ದು, ಬೆರಳಿನಿಂದ ಬಿಡಿಸಿ, ಧ್ವನಿಪೆಟ್ಟಿಗೆ ಸಿಕ್ಕಿದ ಮೇಲೆ ಅದೇ ಕ್ರಮ. ರಕ್ತ ಬರುತ್ತದೆ, ಅದಕ್ಕೆ ಹೆದರಬೇಡಿ.

ಇದನ್ನು ಮೊದಲ ಸಲ ನಿಜವಾದ ತಾಯಿಯ ಮೇಲೆ ಮಾಡುವ ಸ್ಥಿತಿ ಬರಬಾರದು. ಮಾಂಸದ ಅಂಗಡಿಯಲ್ಲಿ ಕುರಿಯ ಗಂಟಲು ಕೇಳಿ ತಂದರೆ ಹತ್ತು ಜನ ಅಭ್ಯಾಸ ಮಾಡಬಹುದು. ನಾವು ಮಾಡಿಸುತ್ತೇವೆ. ಅದರ ಮೇಲೆ ದಪ್ಪ ಟೇಪ್ ಸುತ್ತಿದರೆ ಚರ್ಮದ ಹಾಗೆಯೇ ಇರುತ್ತದೆ. ಬ್ಲೇಡ್ ಒಳಗೆ ಹೋದಾಗ ಕೈಗೆ ಸಿಗುವ ಆ "ಟಕ್" ಅನ್ನುವ ಸಡಿಲವನ್ನು ಓದಿ ಕಲಿಯಲು ಆಗುವುದಿಲ್ಲ.

ನಡುವೆ ಹೃದಯ ನಿಂತರೆ ಎದೆ ಒತ್ತಲು ಶುರುಮಾಡಿ, ಒಬ್ಬರು ಗರ್ಭಕೋಶವನ್ನು ಕೈಯಿಂದ ಎಡಕ್ಕೆ ತಳ್ಳಿ ಹಿಡಿಯಲಿ. ಗರ್ಭಕೋಶ ಹೊಕ್ಕುಳ ಮಟ್ಟ ಅಥವಾ ಮೇಲಿದ್ದು 4 ನಿಮಿಷದಲ್ಲಿ ಹೃದಯ ಮರಳದಿದ್ದರೆ ಅಲ್ಲೇ ಸಿಸೇರಿಯನ್ ಶುರುಮಾಡಿ, 5ನೇ ನಿಮಿಷಕ್ಕೆ ಮಗು ಹೊರಗಿರಬೇಕು. ಇದು ತಾಯಿಯ ಹೃದಯ ಮರಳಲೂ ಸಹಾಯ ಮಾಡುತ್ತದೆ.

ಟ್ಯೂಬ್ ತೆಗೆಯುವಾಗ

ಮಗು ಅತ್ತಿತು, ಹೊಟ್ಟೆ ಹೊಲಿದಾಯಿತು, ಎಲ್ಲರಿಗೂ ಸುಸ್ತು. ಅಪಾಯ ಇನ್ನೂ ಇದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1985ರಿಂದ 2003ರವರೆಗಿನ ತಾಯಂದಿರ ಸಾವುಗಳನ್ನು ನೋಡಿದಾಗ, ಅರಿವಳಿಕೆಗೆ ಸಂಬಂಧಪಟ್ಟು ಉಸಿರುಗಟ್ಟಿ ಆದ ಸಾವುಗಳೆಲ್ಲ ಎಚ್ಚರವಾಗುವಾಗ ಮತ್ತು ರಿಕವರಿಯಲ್ಲಿ ಆಗಿದ್ದವು. ಶುರುವಿನಲ್ಲಿ ಒಂದೂ ಇಲ್ಲ.

ಆದ್ದರಿಂದ ತಲೆ ಎತ್ತರಿಸಿ, ಬಾಯಿ ಸಕ್ಷನ್ ಮಾಡಿ. ಸ್ನಾಯುವಿನ ಬಲ ಪೂರ್ತಿ ಮರಳಿದೆಯಾ ಅಂತ ನರ ಪ್ರಚೋದಕ ಯಂತ್ರದಲ್ಲಿ ನೋಡಿ. ಮೆಗ್ನೀಷಿಯಂ ಹೋಗುತ್ತಿರುವವರಲ್ಲಿ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಬಹಳ ಹೊತ್ತು ಉಳಿಯುತ್ತದೆ. ಕಣ್ಣು ಬಿಟ್ಟು, ಹೇಳಿದ್ದು ಕೇಳಿ, ಕೈ ಬಿಗಿಯಾಗಿ ಹಿಡಿದ ಮೇಲೆಯೇ ಟ್ಯೂಬ್ ತೆಗೆಯಿರಿ. ಮುಖ ಬಾತಿದ್ದರೆ, ಕಫ್ ಇಳಿಸಿದಾಗ ಪಕ್ಕದಿಂದ ಗಾಳಿ ಸೋರದಿದ್ದರೆ ತೆಗೆಯಬೇಡಿ, ಐಸಿಯುಗೆ ಕಳಿಸಿ. ರಿಕವರಿಯಲ್ಲಿ ಒಬ್ಬ ಸಿಸ್ಟರ್ ಪಕ್ಕದಲ್ಲೇ ಇರಬೇಕು.

ಆಮೇಲೆ

ಮಾರನೇ ದಿನ ಹೋಗಿ ನೋಡಿ. ಜ್ವರ, ಎದೆ ನೋವು, ಕತ್ತಿನ ನೋವು, ನುಂಗಲು ಕಷ್ಟ, ಚರ್ಮದ ಕೆಳಗೆ ಗಾಳಿ ತುಂಬಿ ಚರಪರ ಅನ್ನುವುದು ಇದ್ದರೆ ಗಂಟಲಿಗೋ ಅನ್ನನಾಳಕ್ಕೋ ಗಾಯವಾಗಿರಬಹುದು, ತಡ ಮಾಡದೆ ತಪಾಸಣೆ ಮಾಡಿಸಿ. ಆಪರೇಷನ್ ಮಧ್ಯೆ ಏನಾದರೂ ನೆನಪಿದೆಯಾ ಅಂತಲೂ ಕೇಳಿ.

ಆಮೇಲೆ ಹಾಸಿಗೆ ಪಕ್ಕ ಕೂತು ನಡೆದದ್ದನ್ನು ಹೇಳಿ. ಅವರ ಗಂಡ ಮತ್ತು ಅಮ್ಮ ಕೂಡ ಅಲ್ಲಿರಲಿ. "ನಿಮ್ಮ ಗಂಟಲಿಗೆ ಉಸಿರಿನ ಟ್ಯೂಬ್ ಹಾಕೋದು ಕಷ್ಟ ಆಯ್ತಮ್ಮ. ಇನ್ನು ಮುಂದೆ ಯಾವುದೇ ಆಪರೇಷನ್ ಆದರೂ, ಹಲ್ಲಿಂದೇ ಆಗಲಿ, ಡಾಕ್ಟರಿಗೆ ಇದನ್ನ ಮೊದಲೇ ಹೇಳಿ." ಬಾಯಿಮಾತು ಮರೆತುಹೋಗುತ್ತದೆ. ಒಂದು ಹಾಳೆಯಲ್ಲಿ ಬರೆಯಿರಿ: ಸ್ಕೋಪಿನಲ್ಲಿ ಎಷ್ಟು ಕಂಡಿತು, ಮಾಸ್ಕಿನಲ್ಲಿ ಗಾಳಿ ಹೋಯಿತಾ, ಯಾವುದು ಆಗಲಿಲ್ಲ, ಕೊನೆಗೆ ಯಾವುದು ಆಯಿತು, ಯಾವ ಸೈಜ್. ಅದನ್ನು ಡಿಸ್ಚಾರ್ಜ್ ಕಾಗದದ ಜೊತೆ ಸೇರಿಸಿದರೆ ಆ ಕಾಗದ ಎಲ್ಲಿಯೋ ಕಳೆದುಹೋಗುತ್ತದೆ. ತಾಯಿ ಕಾರ್ಡಿನ ಮೊದಲ ಪುಟಕ್ಕೆ ಸ್ಟೇಪಲ್ ಮಾಡಿ, ಕಾರ್ಡಿನ ಮೇಲೆಯೇ ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆಯಿರಿ. ಆ ಮನೆಯ ಆಶಾ ಕಾರ್ಯಕರ್ತೆಗೂ ಫೋನ್ ಮಾಡಿ ತಿಳಿಸಿ. ಮುಂದಿನ ಬಸುರಿಗೆ ಅವರ ಬಾಗಿಲಿಗೆ ಮೊದಲು ಹೋಗುವವರು ಅವರೇ.